ಕುಂಬಳಕಾಯಿ ಕೆತ್ತುವ ಕಿಟ್: ನಮ್ಮ ಸಿಹಿಗುಂಬಳದ ಮೇಲೆ ಬಳಸಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ. ಅಕ್ಟೋಬರ್ ಬಂತೆಂದರೆ ಹ್ಯಾಲೋವೀನ್ ಎನ್ನುವ ಪಾಶ್ಚಾತ್ಯರ ದೆವ್ವದ ಹಬ್ಬಕ್ಕೆಂದು ಆನ್‌ಲೈನ್‌ನಲ್ಲಿ ಕಾಣಿಸಿಕೊಳ್ಳುವ ಈ ಕುಂಬಳಕಾಯಿ ಕೆತ್ತುವ ಕಿಟ್‌ಗೆ ನಾನು ಐದರಲ್ಲಿ ಎರಡು ಸ್ಟಾರ್ ಕೊಡುತ್ತೇನೆ. ಆ ಎರಡೂ ಅದರಲ್ಲಿರುವ ಚಮಚಕ್ಕೆ ಮತ್ತು ಚುಕ್ಕೆ ಹಾಕುವ ಗಾಲಿಗೆ. ಗರಗಸಗಳಿಗೆ ಒಂದೂ ಇಲ್ಲ. ಕಂಪನಿ ಹೆಸರು ಬರೆಯುತ್ತಿಲ್ಲ, ಯಾಕೆಂದರೆ ನಾನು ಹುಡುಕಿ ನೋಡಿದ ಐದಾರು ಕಿಟ್‌ಗಳಲ್ಲೂ ಇದೇ ಸಾಮಾನು, ಇದೇ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಹಿಡಿ, ಡಬ್ಬಿ ಮಾತ್ರ ಬೇರೆ. ಮಕ್ಕಳ ಜೊತೆ ಕುಂಬಳಕಾಯಿ ಕೆತ್ತಬಹುದಾ ಎಂದು ಕೇಳಿದರೆ, ಖಂಡಿತ ಕೆತ್ತಿ. ಈ ಸಲ ನಮ್ಮ ಮನೆಯಲ್ಲಿ ದೀಪಾವಳಿ ಪಟಾಕಿಗಿಂತ ಮಕ್ಕಳು ಜಾಸ್ತಿ ನೆನಪಿಟ್ಟುಕೊಂಡಿರುವುದು ಇದನ್ನೇ. ಹೇಗೆ ಮಾಡಿದೆವು, ಏನು ಕೆಲಸಕ್ಕೆ ಬಂತು, ಏನು ಬರಲಿಲ್ಲ ಎಲ್ಲ ಬರೆಯುತ್ತೇನೆ, ಮುಂದಿನ ವರ್ಷ ಮಾಡುವವರಿಗೆ ಉಪಯೋಗಕ್ಕೆ ಬರಲಿ.

ನಮ್ಮದು ತುಮಕೂರು. ಇಬ್ಬರು ಮಕ್ಕಳು, ದೊಡ್ಡವನಿಗೆ ಏಳು, ಚಿಕ್ಕವಳಿಗೆ ನಾಲ್ಕು. ನನ್ನ ನಾದಿನಿ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾಳೆ. ಅಲ್ಲಿ ಅಕ್ಟೋಬರ್ ಅಂದರೆ ಎಲೆ ಕೆಂಪಾಗುವ ಕಾಲ. ಶನಿವಾರ ಭಾನುವಾರ ಎಲ್ಲರೂ ಮಕ್ಕಳನ್ನು ಕರೆದುಕೊಂಡು ಕುಂಬಳಕಾಯಿ ತೋಟಕ್ಕೆ ಹೋಗುತ್ತಾರೆ, ಒಣಹುಲ್ಲು ತುಂಬಿದ ಟ್ರ್ಯಾಕ್ಟರ್ ಗಾಡಿಯಲ್ಲಿ ಒಂದು ಸುತ್ತು ಹಾಕುತ್ತಾರೆ, ಮೆಕ್ಕೆಜೋಳದ ಹೊಲದಲ್ಲಿ ದಾರಿ ಹುಡುಕುವ ಆಟ ಆಡುತ್ತಾರೆ, ಸೇಬು ಕಿತ್ತು ತರುತ್ತಾರೆ. ಅವಳು ವಿಡಿಯೋ ಕಾಲ್‌ನಲ್ಲಿ ಇದನ್ನೆಲ್ಲ ತೋರಿಸಿದಳು. ಅವಳ ಮಗ ಕೆತ್ತಿದ ಕುಂಬಳಕಾಯಿ ಮನೆ ಮೆಟ್ಟಿಲ ಮೇಲೆ ಹಲ್ಲು ಕಿರಿದು ಕೂತಿತ್ತು, ಒಳಗೆ ದೀಪ. ಅಷ್ಟೇ. ಫೋನ್ ಇಟ್ಟ ಐದು ನಿಮಿಷಕ್ಕೆ ನಮ್ಮವನು ಶುರು ಮಾಡಿದ, ‘ಅಮ್ಮ, ನಮಗೂ ಅದು ಬೇಕು.’

ಆಗ ತರಿಸಿದ್ದು ಈ ಕಿಟ್, 449 ರೂಪಾಯಿ. ಒಳಗೆ ಇದ್ದದ್ದು ಎರಡು ಸಣ್ಣ ಗರಗಸ, ಒಂದು ದೊಡ್ಡ ಪ್ಲಾಸ್ಟಿಕ್ ಚಮಚ, ಮುಳ್ಳಿನ ಗಾಲಿ ಒಂದು (ಉರುಳಿಸಿದರೆ ಸಾಲಾಗಿ ಚುಕ್ಕೆ ಬೀಳುತ್ತದೆ), ಮುಖದ ಚಿತ್ರ ಇರುವ ಹತ್ತು ಕಾಗದ, ಎರಡು ಮೇಣದ ದೀಪ.

ಕುಂಬಳಕಾಯಿ ತರುವುದೇ ಮೊದಲ ಟ್ರಿಪ್ ಆಯಿತು. ಸೂಪರ್ ಮಾರ್ಕೆಟ್‌ನಲ್ಲಿ ಹೋಳು ಮಾಡಿ ಪ್ಲಾಸ್ಟಿಕ್ ಸುತ್ತಿಟ್ಟಿರುತ್ತಾರೆ, ಅದು ಆಗುವುದಿಲ್ಲ. ಬೆಳಗ್ಗೆ ಆರೂವರೆಗೆ ಮಕ್ಕಳನ್ನು ಎಬ್ಬಿಸಿ ಅಂತರಸನಹಳ್ಳಿ ಮಾರುಕಟ್ಟೆಗೆ ಹೋದೆವು. ಚಿಕ್ಕ ಮಕ್ಕಳಿಗೆ ಆ ಮಾರುಕಟ್ಟೆಯೇ ಒಂದು ಜಾತ್ರೆ. ಒಂದು ಕಡೆ ಸೇವಂತಿಗೆ, ಚೆಂಡುಹೂವಿನ ರಾಶಿ, ಇನ್ನೊಂದು ಕಡೆ ಟೊಮೆಟೊ ಕ್ರೇಟು, ಮಧ್ಯೆ ಕೂಗಾಟ. ಚಿಕ್ಕವಳು ಅಪ್ಪನ ಹೆಗಲ ಮೇಲಿಂದ ಇಳಿಯಲೇ ಇಲ್ಲ. ಕುಂಬಳಕಾಯಿ ಗುಡ್ಡೆ ಹಾಕಿಕೊಂಡು ಒಬ್ಬ ವಯಸ್ಸಾದ ಅಜ್ಜಿ ಕೂತಿದ್ದರು. ನಾನು ಎತ್ತಿ ತಿರುಗಿಸಿ ನೋಡುವುದನ್ನು ಕಂಡು, ‘ಏನವ್ವ, ಇಡೀದೇ ಬೇಕಾ? ಮನೇಲಿ ಕಾರ್ಯ ಐತಾ?’ ಎಂದರು. ನಾನು ಬಾಯಿ ತೆಗೆಯುವ ಮೊದಲೇ ನನ್ನ ಮಗಳು ಮೇಲಿಂದ, ‘ದೆವ್ವ ಮಾಡ್ತೀವಿ ಅಜ್ಜಿ!’ ಎಂದಳು. ಆ ಅಜ್ಜಿ ನಕ್ಕುಬಿಟ್ಟರು. ‘ಅಯ್ಯೋ ನನ್ ಕಂದ, ಕುಂಬಳಕಾಯಲ್ಲಿ ದೆವ್ವ ಓಡಿಸ್ತಾರೆ ಕಣವ್ವ, ಮಾಡಲ್ಲ.’

ಅವರ ಮಾತು ಎಷ್ಟು ಸರಿ ಅಂತ ಮನೆಗೆ ಬಂದ ಮೇಲೆ ಹೊಳೆಯಿತು. ಹ್ಯಾಲೋವೀನ್‌ನ ಬೇರು ಇರುವುದು ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಹಳೆಯ ಕೆಲ್ಟಿಕ್ ಜನರ ‘ಸಾವಿನ್’ (Samhain) ಎನ್ನುವ ಹೆಸರಿನ ಹಬ್ಬದಲ್ಲಿ. ಸುಗ್ಗಿ ಮುಗಿದು ಚಳಿಗಾಲ ಶುರುವಾಗುವ ರಾತ್ರಿ ಅದು. ಆ ರಾತ್ರಿ ಸತ್ತವರ ಆತ್ಮಗಳು ಓಡಾಡುತ್ತವೆ ಎಂದು ನಂಬಿದ್ದರು. ಕ್ರೈಸ್ತರಿಗೆ ನವೆಂಬರ್ 1 ಎಲ್ಲ ಸಂತರ ಹಬ್ಬ, ಅದರ ಹಿಂದಿನ ಸಂಜೆ ಅಕ್ಟೋಬರ್ 31, ಇಂಗ್ಲಿಷಿನಲ್ಲಿ ‘ಆಲ್ ಹ್ಯಾಲೋಸ್ ಈವ್’, ಹ್ಯಾಲೋವೀನ್ ಎನ್ನುವ ಹೆಸರು ಬಂದಿದ್ದು ಅದರಿಂದಲೇ. ಕೆಟ್ಟದ್ದು ಮನೆ ಹತ್ತಿರ ಬರದಿರಲಿ ಎಂದು ಅಲ್ಲಿನವರು ಟರ್ನಿಪ್ ಗೆಡ್ಡೆಯಲ್ಲಿ ಮುಖ ಕೆತ್ತಿ ದೀಪ ಇಡುತ್ತಿದ್ದರು. ಅಮೆರಿಕಕ್ಕೆ ವಲಸೆ ಹೋದ ಮೇಲೆ ಗೆಡ್ಡೆಗಿಂತ ದೊಡ್ಡದಾದ, ಕೆತ್ತಲು ಸುಲಭವಾದ ಕುಂಬಳಕಾಯಿ ಸಿಕ್ಕಿತು. ನಮ್ಮಲ್ಲಿ ಹೊಸ ಮನೆ ಕಟ್ಟುವಾಗ ದೃಷ್ಟಿ ಆಗದಿರಲಿ ಎಂದು ಬೂದುಗುಂಬಳಕ್ಕೆ ಮೀಸೆ, ಕೋರೆಹಲ್ಲು ಬರೆದು ನೇತುಹಾಕುತ್ತೇವಲ್ಲ, ಅದೇ ಕೆಲಸ. ಆಯುಧಪೂಜೆ ದಿನ ಕುಂಕುಮ ತುಂಬಿಸಿ ಗಾಡಿ ಮುಂದೆ ಒಡೆಯುವುದೂ ಅದಕ್ಕೇ. ನನ್ನ ಮಗನಿಗೆ ಇದನ್ನು ಹೇಳಿದ ಮೇಲೆ ನಮ್ಮ ಬೀದಿಯಲ್ಲಿ ಕಟ್ಟುತ್ತಿರುವ ಎರಡು ಮನೆಗಳ ದೃಷ್ಟಿಬೊಂಬೆ ನೋಡಿ ಬಂದು ಅದರ ಹಲ್ಲಿನ ಥರಾನೇ ತನ್ನ ಕುಂಬಳಕಾಯಿಗೂ ಹಲ್ಲು ಬೇಕೆಂದ. ಕಿಟ್‌ನ ಹತ್ತು ಚಿತ್ರಗಳಲ್ಲಿ ಒಂದೂ ಅವನಿಗೆ ಬೇಡವಾಯಿತು. ಬೇಕಾಗಿದ್ದರೂ ಕಷ್ಟವಿತ್ತು ಬಿಡಿ, ಆ ಚಿತ್ರಗಳು ನಮ್ಮ ಕಾಯಿಗೆ ಹಿಡಿಸುವುದಿಲ್ಲ, ಅಷ್ಟು ದೊಡ್ಡವು. ಬೇಕೇ ಬೇಕು ಎನ್ನುವವರು ಜೆರಾಕ್ಸ್ ಅಂಗಡಿಯಲ್ಲಿ ಚಿಕ್ಕದು ಮಾಡಿಸಿಕೊಳ್ಳಿ.

ಈಗ ಗರಗಸದ ವಿಷಯ.

ನಾವು ತಂದದ್ದು ಎರಡು ಕಾಯಿ, ಒಂದು ನಾಲ್ಕು ಕೆಜಿ, ಇನ್ನೊಂದು ಎರಡೂವರೆ. ಅಮೆರಿಕದಲ್ಲಿ ಹ್ಯಾಲೋವೀನ್‌ಗೆ ಕೆತ್ತುವ ಕಿತ್ತಳೆ ಕುಂಬಳಕಾಯಿಯೇ ಬೇರೆ ಜಾತಿ. ಅದರ ಗೋಡೆ ತೆಳ್ಳಗೆ, ತಿರುಳು ನೀರುನೀರು, ಒಳಗೆ ಟೊಳ್ಳು ಜಾಸ್ತಿ. ಕೆತ್ತಲಿಕ್ಕೆ ಅಂತಲೇ ಬೆಳೆಯುತ್ತಾರೆ, ತಿನ್ನಲು ಅಷ್ಟೇನೂ ರುಚಿಯಿಲ್ಲ. ನಮ್ಮ ಸಿಹಿಗುಂಬಳ ಸಾರಿಗೆ, ಪಲ್ಯಕ್ಕೆ ಬೆಳೆದದ್ದು. ದಪ್ಪ ತಿರುಳು, ಬಲಿತ ಸಿಪ್ಪೆ, ಮೇಲೆ ಆಳವಾದ ಏಣುಗಳು. ನಮ್ಮ ನಾಲ್ಕು ಕೆಜಿ ಕಾಯಿಯ ತಿರುಳು ಕೆಲವು ಕಡೆ ನನ್ನ ಎರಡು ಬೆರಳಿನಷ್ಟು ದಪ್ಪ ಇತ್ತು. ಕಿಟ್‌ನ ಗರಗಸದ ಉದ್ದ ನನ್ನ ಕಿರುಬೆರಳಿಗಿಂತ ಸ್ವಲ್ಪ ಜಾಸ್ತಿ, ದಪ್ಪ ಬ್ಲೇಡಿನಷ್ಟು. ಮೊದಲನೆಯದು ಕಣ್ಣು ಕೊರೆಯುವಾಗಲೇ ಬಾಗಿತು. ನನ್ನವರು ಅದನ್ನು ನೆಟ್ಟಗೆ ಮಾಡಲು ಹೋದರು, ಮುರಿಯಿತು. ಎರಡನೆಯದು ಮೂಗಿನವರೆಗೆ ಬಂತು, ಆಮೇಲೆ ಹಿಡಿ ಬಿರುಕು ಬಿಟ್ಟು ಬ್ಲೇಡು ಒಳಗೇ ಸಿಕ್ಕಿಕೊಂಡಿತು. ಆ ಹೊತ್ತಿಗೆ ಜಾರಿ ಅವರ ಅಂಗೈಗೆ ಗೀರು ಬಿತ್ತು, ಸಣ್ಣದೇ, ಆದರೆ ಡಬ್ಬಿ ಮೇಲೆ ‘ಆರು ವರ್ಷದಿಂದ ಮೇಲಿನ ಮಕ್ಕಳಿಗೆ ಸುರಕ್ಷಿತ’ ಎಂದು ಬರೆದಿದ್ದಾರೆ, ಅದನ್ನು ನೋಡಿ ನನಗೆ ನಿಜಕ್ಕೂ ಕೋಪ ಬಂತು. ಏಳು ವರ್ಷದವನ ಕೈಗೆ ಅದನ್ನು ಕೊಟ್ಟಿದ್ದರೆ ಏನಾಗುತ್ತಿತ್ತು? ವಾಪಸ್ ಕಳಿಸಲು ಬರೆದೆ. ಬಳಸಿದ ವಸ್ತು ತೆಗೆದುಕೊಳ್ಳುವುದಿಲ್ಲ ಎಂದು ಉತ್ತರ ಬಂತು. ಬಳಸದೆ ಅದು ಮುರಿಯುತ್ತದೆ ಎಂದು ಗೊತ್ತಾಗುವುದು ಹೇಗೆ, ಅಲ್ವಾ?

ನಮ್ಮತ್ತೆ ಅಲ್ಲಿವರೆಗೂ ಸುಮ್ನೆ ನೋಡುತ್ತಾ ಕೂತಿದ್ದರು. ಇದು ಶುರುವಾಗುವ ಮೊದಲು ಒಂದೇ ಮಾತು ಹೇಳಿದ್ದರು, ಇಡೀ ಕುಂಬಳಕಾಯಿಗೆ ನೀನು ಮೊದಲ ಏಟು ಹಾಕಬೇಡ, ಅವನು ಹಾಕಲಿ ಎಂದು. ಹೆಣ್ಣುಮಕ್ಕಳು ಇಡೀ ಕುಂಬಳಕಾಯಿ ಒಡೆಯಬಾರದು ಎನ್ನುವುದು ಅವರ ಮನೆಯಲ್ಲಿ ನಡೆದುಬಂದದ್ದು. ನಾನು ಅದನ್ನು ನಂಬುವವಳಲ್ಲ, ಆದರೆ ಅತ್ತೆ ಮನಸ್ಸು ನೋಯಿಸಿ ಮಾಡುವ ಹಬ್ಬ ಯಾವ ಹಬ್ಬ, ಹಾಗಾಗಿ ನನ್ನವರೇ ಮೊದಲು ಚಾಕು ಇಟ್ಟರು. ಗರಗಸ ಮುರಿದ ಮೇಲೆ ಅತ್ತೆ ಎದ್ದು ಹೋಗಿ ಎರಡು ಸಾಮಾನು ತಂದರು. ಮಾವನವರ ಹಳೆಯ ಡಬ್ಬಿಯಿಂದ ಕಬ್ಬಿಣ ಕುಯ್ಯುವ ಆಕ್ಸಾ ಬ್ಲೇಡು, ಅಡುಗೆಮನೆಯಿಂದ ಕೈಯಲ್ಲಿ ಹಿಡಿಯುವ ಕಾಯಿತುರಿ. ಬ್ಲೇಡನ್ನು ಚೆನ್ನಾಗಿ ತೊಳೆದು, ಅರ್ಧಕ್ಕೆ ಹಳೆ ಬಟ್ಟೆ ಸುತ್ತಿ ದಾರ ಕಟ್ಟಿದರೆ ಹಿಡಿ ಆಯಿತು. ಹೊಸದು ತಂದರೂ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಊಟದ ದುಡ್ಡೂ ಆಗುವುದಿಲ್ಲ. ಬೆಣ್ಣೆ ಕುಯ್ದ ಹಾಗೆ ಅಂತ ಹೇಳುವುದಿಲ್ಲ, ತೋಳು ನೋಯುತ್ತದೆ, ಆದರೆ ಬಾಗುವುದಿಲ್ಲ, ಹೋಗಬೇಕಾದ ಕಡೆ ಹೋಗುತ್ತದೆ. ಕಾಯಿತುರಿಯಿಂದ ಒಳಗಿನ ತಿರುಳು ಕೆರೆದು ಗೋಡೆಯನ್ನು ತೆಳ್ಳಗೆ ಮಾಡಿದರು, ಮುಖ ಬರುವ ಕಡೆ ಮಾತ್ರ. ಇದೇ ಗುಟ್ಟು. ಮೊದಲು ಒಳಗಿಂದ ತೆಳ್ಳಗೆ ಮಾಡಿ, ಆಮೇಲೆ ಕಣ್ಣು ಬಾಯಿ ಕೊರೆಯಿರಿ. ನಾವು ಉಲ್ಟಾ ಮಾಡಿ ಒಂದು ಗಂಟೆ ಕಳೆದುಕೊಂಡೆವು.

ಇನ್ನೊಂದು. ತೊಟ್ಟಿನ ಕಡೆಯಿಂದ ಮುಚ್ಚಳ ಕುಯ್ಯುವ ಬದಲು ತಳ ಕುಯ್ಯಿರಿ. ನಮ್ಮ ಕಾಯಿ ಚಪ್ಪಟೆ, ತೊಟ್ಟಿನ ಹತ್ತಿರ ತಗ್ಗು, ಅಲ್ಲಿ ಕುಯ್ದರೆ ಮುಚ್ಚಳ ಒಳಗೆ ಬೀಳುತ್ತದೆ. ತಳದಲ್ಲಿ ತೂತು ಮಾಡಿದರೆ ತಟ್ಟೆಯಲ್ಲಿ ದೀಪ ಇಟ್ಟು ಮೇಲೆ ಕವುಚಿದರೆ ಸಾಕು. ಕಾಯಿ ಆರಿಸುವಾಗಲೂ ಏಣು ಕಡಿಮೆ ಇರುವ, ಉಗುರು ಒತ್ತಿದರೆ ಸ್ವಲ್ಪ ಗುರುತು ಬೀಳುವ, ತೀರಾ ಬಲಿಯದ ಕಾಯಿ ತನ್ನಿ. ಚೆನ್ನಾಗಿ ಬಲಿತದ್ದು ಸಾರಿಗೆ ರುಚಿ, ಕೆತ್ತಲು ಹಿಂಸೆ.

ಚಮಚ ಮತ್ತು ಗಾಲಿ ಒಳ್ಳೆಯವು ಅಂದೆನಲ್ಲ. ಬೀಜ, ನಾರು ತೆಗೆಯುವ ಕೆಲಸ ಪೂರ್ತಿ ಮಕ್ಕಳದ್ದಾಯಿತು. ಚಮಚದ ಅಂಚು ಹಲ್ಲುಹಲ್ಲಾಗಿದೆ, ಆದರೆ ಕೈ ಕುಯ್ಯುವುದಿಲ್ಲ. ಚಿಕ್ಕವಳು ಮೊದಲು ‘ಛೀ’ ಅಂದಳು, ಆಮೇಲೆ ಚಮಚ ಬಿಸಾಕಿ ಎರಡೂ ಕೈ ಹಾಕಿದಳು, ಮೊಣಕೈವರೆಗೆ ಹಳದಿ. ಗಾಲಿಯಿಂದ ದೊಡ್ಡವನು ಸಿಪ್ಪೆ ಮೇಲೆ ಚುಕ್ಕೆ ಸಾಲು ಹಾಕಿ ಹುಬ್ಬು, ಮೀಸೆ ಬರೆದ, ಅದರ ಮೇಲೆ ಅತ್ತೆ ಸುಣ್ಣದಿಂದ ಎಳೆ ಎಳೆದರು, ಕಣ್ಣಿನ ಸುತ್ತ ಕುಂಕುಮ. ಸಣ್ಣ ಕಾಯಿಯನ್ನು ನಾವು ಕೆತ್ತಲೇ ಇಲ್ಲ, ಚಿಕ್ಕವಳು ಅದಕ್ಕೆ ಬರೀ ಬಣ್ಣ ಬಳಿದಳು. ಐದು ವರ್ಷದೊಳಗಿನ ಮಕ್ಕಳಿದ್ದರೆ ನನ್ನ ಸಲಹೆ ಅದೇ. ಕೆತ್ತನೆ ಬೇಡ, ಪೋಸ್ಟರ್ ಕಲರ್, ಬ್ರಶ್ ಕೊಟ್ಟು ಬಿಟ್ಟುಬಿಡಿ.

ಕೆತ್ತುತ್ತಾ ಕೂತಾಗ ಅತ್ತೆ ಕೊಳ್ಳಿದೆವ್ವದ ಕಥೆ ಹೇಳಿದರು. ಅವರು ಚಿಕ್ಕವರಿದ್ದಾಗ ರಾತ್ರಿ ಕೆರೆ ಏರಿ ಆಚೆ, ಗದ್ದೆ ಬಯಲಿನಲ್ಲಿ ಬೆಂಕಿ ಕಾಣಿಸಿ ಮರೆಯಾಗುತ್ತಿತ್ತಂತೆ, ಹತ್ತಿರ ಹೋದರೆ ದೂರ ಹೋಗುತ್ತಿತ್ತಂತೆ. ನನಗೆ ಆಶ್ಚರ್ಯ ಆದದ್ದು ಏನೆಂದರೆ, ಕೆತ್ತಿದ ಕುಂಬಳಕಾಯಿಗೆ ಇಂಗ್ಲಿಷಿನಲ್ಲಿರುವ ‘ಜಾಕ್ ಓ ಲ್ಯಾಂಟರ್ನ್’ ಎನ್ನುವ ಹೆಸರು ಮೊದಲು ಇದ್ದದ್ದು ಇದೇ ಕೊಳ್ಳಿದೆವ್ವಕ್ಕೆ, ಜೌಗು ನೆಲದ ಮೇಲೆ ರಾತ್ರಿ ಕಾಣುವ ಬೆಳಕಿಗೆ. ಐರಿಷ್ ಕಥೆಯಲ್ಲಿ ಜಾಕ್ ಎನ್ನುವ ಜಿಪುಣ ಸೈತಾನನಿಗೇ ಮೋಸ ಮಾಡುತ್ತಾನೆ. ಸತ್ತ ಮೇಲೆ ಸ್ವರ್ಗವೂ ಇಲ್ಲ, ನರಕವೂ ಇಲ್ಲ, ಗೆಡ್ಡೆಯೊಳಗೆ ಕೆಂಡ ಇಟ್ಟುಕೊಂಡು ಕತ್ತಲಲ್ಲಿ ಅಲೆಯುತ್ತಾನೆ. ನಾನು ಈ ಕಥೆ ಹೇಳಿದೆ, ಅತ್ತೆ ಅವರದ್ದು ಹೇಳಿದರು, ಮಕ್ಕಳು ಇಬ್ಬರಿಂದಲೂ ಎರಡೆರಡು ಸಲ ಹೇಳಿಸಿಕೊಂಡರು. ಕೊನೆಗೆ ನಮ್ಮ ಕುಂಬಳಕಾಯಿಗೆ ‘ಕೊಳ್ಳಪ್ಪ’ ಅಂತ ಹೆಸರಾಯಿತು.

ಕಿಟ್ ಜೊತೆ ಬಂದ ಮೇಣದ ದೀಪ ಹಚ್ಚಲೇ ಇಲ್ಲ. ದಯವಿಟ್ಟು ನೀವೂ ಹಚ್ಚಬೇಡಿ. ಮಕ್ಕಳು ಹಾಕಿಕೊಳ್ಳುವ ಹ್ಯಾಲೋವೀನ್ ಬಟ್ಟೆಗಳು ಬಹುಪಾಲು ಪಾಲಿಯೆಸ್ಟರ್, ಕೆಳಗೆ ನೆಟ್, ಹಿಂದೆ ಉದ್ದನೆಯ ಸೆರಗು. ನೆಲದ ಮೇಲೆ ಉರಿಯುವ ದೀಪ, ಓಡಾಡುವ ನಾಲ್ಕು ವರ್ಷದ ಮಗು, ಇವೆರಡೂ ಒಂದೇ ಕಡೆ ಬೇಡ. ದೀಪಾವಳಿಗೆ ತಂದ ಬ್ಯಾಟರಿ ದೀಪಗಳು ಮನೆಯಲ್ಲಿದ್ದವು, ಅವನ್ನೇ ಇಟ್ಟೆವು. ಬಟ್ಟೆ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಫ್ಯಾನ್ಸಿ ಡ್ರೆಸ್ ಬಾಡಿಗೆ ಅಂಗಡಿಯಲ್ಲಿ ದೊಡ್ಡವನಿಗೆ ಎಲುಬಿನ ಚಿತ್ರದ ಕರಿ ಅಂಗಿ ಸಿಕ್ಕಿತು, ಚಿಕ್ಕವಳಿಗೆ ನನ್ನ ಕೇಸರಿ ಬಣ್ಣದ ಹಳೆ ದುಪಟ್ಟಾ ಹೊಲಿಸಿ ಒಳಗೆ ಹತ್ತಿ ತುಂಬಿ ಕುಂಬಳಕಾಯಿ ಮಾಡಿದೆ. ಮುಖಕ್ಕೆ ಬಣ್ಣ ಹಚ್ಚುವವರು ಹಿಂದಿನ ದಿನ ಮೊಣಕೈ ಒಳಗಡೆ ಒಂದು ಚುಕ್ಕೆ ಹಚ್ಚಿ ನೋಡಿ. ನಮ್ಮ ಚಿಕ್ಕವಳಿಗೆ ಅಲ್ಲಿ ಕೆಂಪಾಯಿತು, ಅದಕ್ಕೆ ಅವಳ ಮುಖಕ್ಕೆ ಬರೀ ಕಾಡಿಗೆ.

31ನೇ ತಾರೀಕು ಶುಕ್ರವಾರ. ಹ್ಯಾಲೋವೀನ್ ರಾತ್ರಿ ಮಕ್ಕಳು ವೇಷ ಹಾಕಿ ಮನೆಮನೆಗೆ ಹೋಗಿ ಮಿಠಾಯಿ ಕೇಳುತ್ತಾರೆ. ಹಾಗೆ ಬರಬಹುದಾ ಎಂದು ನಮ್ಮ ಬೀದಿಯ ಎಂಟು ಮನೆಗೆ ಮೊದಲೇ ವಾಟ್ಸಾಪ್‌ನಲ್ಲಿ ಕೇಳಿದ್ದೆ. ಆರು ಮನೆಯವರು ಬನ್ನಿ ಎಂದರು. ಇಷ್ಟವಿಲ್ಲದವರ ಬಾಗಿಲಿಗೆ ಹೋಗಲಿಲ್ಲ, ಇದನ್ನು ಮೊದಲೇ ಕೇಳಿಕೊಳ್ಳುವುದು ಮುಖ್ಯ, ಎಲ್ಲರಿಗೂ ಇದು ನಮ್ಮ ಹಬ್ಬ ಅನ್ನಿಸಬೇಕೆಂದೇನಿಲ್ಲ. ಒಂಬತ್ತು ಮಕ್ಕಳು ಸೇರಿದರು. ಏಳು ಗಂಟೆಗೆ ಬೀದಿ ದೀಪ ಇತ್ತು, ಆದರೆ ಏಳೂಕಾಲಿಗೆ ಕರೆಂಟ್ ಹೋಯಿತು! ಕತ್ತಲಲ್ಲಿ ಕೊಳ್ಳಪ್ಪ ನಮ್ಮ ಗೇಟಿನ ಪಕ್ಕ ಹಳದಿ ಹಲ್ಲು ಬಿಟ್ಟುಕೊಂಡು ಕೂತಿದ್ದ. ಮಕ್ಕಳೆಲ್ಲ ಒಂದೇ ಸಲ ‘ಓ’ ಎಂದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಕರೆಂಟ್ ಹೋಗಿದ್ದಕ್ಕೆ ಖುಷಿಪಟ್ಟದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಅವತ್ತಿನ ದೊಡ್ಡ ನಗು ಇನ್ನೊಂದಿದೆ. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದದ್ದು ನಿಮಗೆ ನೆನಪಿರಬಹುದು. ರಾತ್ರಿ ದೆವ್ವ ಬಂದು ಗೊತ್ತಿರುವವರ ದನಿಯಲ್ಲಿ ಕರೆಯುತ್ತದೆ, ಬಾಗಿಲಿನ ಬರಹ ಓದಿ ನಾಳೆ ಬರೋಣ ಎಂದು ಹೋಗುತ್ತದೆ, ನಾಳೆಯೂ ಅದೇ ಬರಹ. ನನ್ನವರು ಈ ಕಥೆಯನ್ನು ಮಗನಿಗೆ ಹೇಳಿದ್ದರು. ಅವನು ನಮ್ಮ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ‘ನಾಳೆ ಬಾ’ ಎಂದು ಬರೆದುಬಿಟ್ಟಿದ್ದ. ಎದುರು ಮನೆಯ ಮಕ್ಕಳು ಮಿಠಾಯಿ ಕೇಳಲು ಬಂದವರು ಅದನ್ನು ಓದಿ ವಾಪಸ್ ಹೊರಟರು. ಆ ಮನೆ ಆಂಟಿ ಗೇಟಿನಿಂದಲೇ, ‘ಏನ್ರೀ, ಮಕ್ಕಳಿಗೂ ನಾಳೆ ಬಾ ಅಂತೀರಲ್ಲ!’ ಎಂದರು. ಬಾಗಿಲು ತೆಗೆದು ಎಲ್ಲರನ್ನೂ ಒಳಗೆ ಕರೆದು, ನಾಲ್ಕು ವರ್ಷದ ಮೇಲಿನವರಿಗೆ ಚಾಕೊಲೇಟ್, ಅದಕ್ಕಿಂತ ಚಿಕ್ಕವರಿಗೆ ತಿಪಟೂರು ಕೊಬ್ಬರಿ ತುರಿದು ಮಾಡಿದ ಮೆತ್ತನೆ ಮಿಠಾಯಿ ಕೊಟ್ಟೆ. ಚಿಕ್ಕ ಮಕ್ಕಳಿಗೆ ಗಟ್ಟಿ ಪೆಪ್ಪರ್‌ಮಿಂಟು, ಇಡೀ ಕಡಲೆಕಾಯಿ ಬೀಜ ಕೊಡಬೇಡಿ, ಓಡಾಡುತ್ತಾ ತಿನ್ನುವಾಗ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ತಿರುಳು ಸಾಕಷ್ಟು ಬಂತು. ಅತ್ತೆ ಒಂದು ಚೂರೂ ಬಿಸಾಡಲು ಬಿಡಲಿಲ್ಲ. ಅಲಸಂದೆ ಕಾಳು ಹಾಕಿ ಸಾರು, ಬಿಸಿ ಮುದ್ದೆ. ಉಳಿದದ್ದಕ್ಕೆ ಬೆಲ್ಲ, ಏಲಕ್ಕಿ ಹಾಕಿ ಕಡುಬಿನ ಹೂರಣ. ಬೀಜಗಳನ್ನು ಉಪ್ಪು ಅರಿಸಿನದ ನೀರಿನಲ್ಲಿ ತೊಳೆದು ಒಂದು ದಿನ ಬಿಸಿಲಿಗೆ ಹಾಕಿ ಬಾಣಲೆಯಲ್ಲಿ ಹುರಿದೆವು. ಕುಂಬಳಕಾಯಿ ಸಾರು ಕಂಡರೆ ಮುಖ ತಿರುಗಿಸುತ್ತಿದ್ದ ದೊಡ್ಡವನು, ‘ಇದು ಕೊಳ್ಳಪ್ಪನ ಹೊಟ್ಟೆ ಒಳಗಿನದು’ ಎಂದು ಎರಡು ಸಲ ಹಾಕಿಸಿಕೊಂಡ.

ಮಾರನೇ ದಿನ ಶನಿವಾರ, ರಾಜ್ಯೋತ್ಸವ. ಬೆಳಗ್ಗೆ ಕಿವಿ ಹಿಂದೆ ಬಿಳಿ ಬಣ್ಣ ಇನ್ನೂ ಅಂಟಿಕೊಂಡಿದ್ದ ಎಲುಬಿನ ಹುಡುಗ ಕೆಂಪು ಹಳದಿ ಶಾಲು ಹಾಕಿಕೊಂಡು ಬೀದಿಯ ಧ್ವಜಾರೋಹಣಕ್ಕೆ ನಿಂತ. ಅದಾದ ಮೇಲೆ ಬುತ್ತಿ ಕಟ್ಟಿಕೊಂಡು ನಾಮದ ಚಿಲುಮೆ, ದೇವರಾಯನದುರ್ಗಕ್ಕೆ ಹೊರಟೆವು. ನಮ್ಮ ಊರಿನಿಂದ ದುರ್ಗಕ್ಕೆ ಸುಮಾರು ಹದಿನೈದು ಕಿಲೋಮೀಟರ್. ಚಿಕ್ಕ ಮಕ್ಕಳಿಗೆ ಇಷ್ಟು ಹತ್ತಿರ ಇಷ್ಟು ಒಳ್ಳೆಯ ಜಾಗ ಇರುವುದು ನಮ್ಮ ಭಾಗ್ಯ. ನಾಮದ ಚಿಲುಮೆಯಲ್ಲಿ ಬಂಡೆಯ ಸಣ್ಣ ಕುಳಿಯಿಂದ ನೀರು ಉಕ್ಕುತ್ತದೆ. ರಾಮ ಹಣೆಗೆ ನಾಮ ಹಚ್ಚಿಕೊಳ್ಳಲು ನೀರಿಲ್ಲದೆ ಬಾಣ ಬಿಟ್ಟ, ಅಲ್ಲಿ ನೀರು ಬಂತು ಎನ್ನುತ್ತಾರೆ. ಚಿಕ್ಕವಳು ಆ ಕುಳಿಯೊಳಗೆ ಬಗ್ಗಿ ಬಗ್ಗಿ ನೋಡಿದಳು, ಬಾಣ ಎಲ್ಲಿ ಎಂದು. ಪಕ್ಕದಲ್ಲೇ ಜಿಂಕೆ ವನ ಇದೆ. ಕೋತಿಗಳ ಬಗ್ಗೆ ಹುಷಾರು, ಕೈಯಲ್ಲಿ ತಿಂಡಿ ಹಿಡಿದುಕೊಂಡು ಇಳಿಯಬೇಡಿ, ಮಕ್ಕಳ ಕೈಯಲ್ಲಂತೂ ಬೇಡವೇ ಬೇಡ. ನಮ್ಮ ಹುರಿದ ಕುಂಬಳಕಾಯಿ ಬೀಜದ ಪೊಟ್ಟಣ ಹೋದದ್ದು ಹಾಗೇ.

ದುರ್ಗದ ಮೇಲೆ ಗಾಳಿ ತಣ್ಣಗಿತ್ತು. ಯೋಗನರಸಿಂಹ ಸ್ವಾಮಿ ಬೆಟ್ಟದ ಮೇಲೆ, ಭೋಗನರಸಿಂಹ ಸ್ವಾಮಿ ಕೆಳಗೆ. ಈ ಬೆಟ್ಟಗಳಲ್ಲೇ ಜಯಮಂಗಲಿಯೂ ಹುಟ್ಟುತ್ತದೆ, ಶಿಂಷಾ ನದಿಯೂ ಹುಟ್ಟುತ್ತದೆ. ಒಂದು ಉತ್ತರಕ್ಕೆ ಹರಿದು ಪಿನಾಕಿನಿಗೆ ಸೇರುತ್ತದೆ, ಇನ್ನೊಂದು ದಕ್ಷಿಣಕ್ಕೆ ಹೋಗಿ ಕಾವೇರಿಗೆ. ದೊಡ್ಡವನು ಬಂಡೆ ಮೇಲೆ ನಿಂತು ಕಾಡು ನೋಡಿ, ‘ಅಮ್ಮ, ಇಲ್ಲಿ ಎಲೆ ಯಾಕೆ ಕೆಂಪಾಗಿಲ್ಲ?’ ಎಂದ. ಅವನ ತಲೆಯಲ್ಲಿ ಇನ್ನೂ ನ್ಯೂಜೆರ್ಸಿಯ ಅತ್ತೆ ಮನೆಯ ವಿಡಿಯೋ ಇತ್ತು. ಅಲ್ಲಿ ಚಳಿಗೆ, ಬಿಸಿಲು ಕಡಿಮೆಯಾಗುವುದಕ್ಕೆ ಎಲೆಯ ಹಸಿರು ಬಣ್ಣ ಒಡೆದುಹೋಗುತ್ತದೆ, ಒಳಗಿದ್ದ ಹಳದಿ ಕಾಣುತ್ತದೆ, ಕೆಲವು ಮರಗಳಲ್ಲಿ ಕೆಂಪೂ ಹುಟ್ಟುತ್ತದೆ. ನಮ್ಮಲ್ಲಿ ಈಗಷ್ಟೇ ಮಳೆ ಮುಗಿಯುತ್ತಿದೆ, ಮರಕ್ಕೆ ನೀರಿದೆ, ಎಲೆ ಉದುರಿಸುವ ಅವಸರ ಇಲ್ಲ. ನಮ್ಮ ಕಾಡು ಎಲೆ ಉದುರಿಸುವುದು ನೀರು ಕಡಿಮೆಯಾಗುವ ಫೆಬ್ರವರಿ ಮಾರ್ಚ್ ಕಡೆಗೆ. ಕೆಂಪು ಕೂಡ ಆಗಲೇ, ಅರಳಿ ಮಾವಿನ ಚಿಗುರಿನಲ್ಲಿ. ಅವನಿಗೆ ಸ್ವಲ್ಪ ಬೇಜಾರಾಯಿತು.

ವಾಪಸ್ ಬರುವಾಗ ದಾರಿ ಬದಿಯ ರಾಗಿ ಹೊಲದಲ್ಲಿ ಅದಕ್ಕೆ ಉತ್ತರ ಸಿಕ್ಕಿತು. ತೆನೆ ಬಲಿಯುತ್ತಿದ್ದ ರಾಗಿ, ಅದರ ಮಧ್ಯೆ ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳು, ಹಳದಿ ಹೂವಿನ ಗೆರೆ ಎಳೆದ ಹಾಗೆ, ಹೊಲದ ಈ ತುದಿಯಿಂದ ಆ ತುದಿಗೆ. ಬದುವಿನ ಮೇಲೆ ಅಣ್ಣೆ ಹೂವು. ಕಾರು ನಿಲ್ಲಿಸಿದೆವು. ಹೊಲದಲ್ಲಿದ್ದ ತಾಯಿಯನ್ನು ಕೇಳಿದೆ, ಮಕ್ಕಳು ನಾಲ್ಕು ಹೂವು ಕಿತ್ತುಕೊಳ್ಳಲಾ ಎಂದು. ‘ಕಿತ್ಕಳವ್ವ, ಅದೇನು ಬರಗಾಲವಾ’ ಎಂದರು. ಒಂದು ಗಂಟೆ ಅಲ್ಲೇ. ಯಾವ ಟಿಕೆಟ್ ಇಲ್ಲ, ಕ್ಯೂ ಇಲ್ಲ. ಎರಡು ಮಕ್ಕಳು, ಮೈಯೆಲ್ಲ ಹಳದಿ ಪುಡಿ, ಜೇನುನೊಣಗಳ ಸದ್ದು. ಈ ಮೂರು ದಿನದಲ್ಲಿ ನನಗೆ ತುಂಬ ಇಷ್ಟವಾದ ಹೊತ್ತು ಅದು. ಅಕ್ಟೋಬರ್ ಕೊನೆ, ನವೆಂಬರ್ ಮೊದಲಿಗೆ ತುಮಕೂರು ಸುತ್ತ ಯಾವ ಹಳ್ಳಿ ದಾರಿ ಹಿಡಿದರೂ ಇದು ಕಾಣಬಹುದು, ಆದರೆ ಕೇಳದೆ ಹೊಲಕ್ಕೆ ಇಳಿಯಬೇಡಿ, ತೆನೆ ತುಳಿದುಹೋಗುತ್ತದೆ.

ಭಾನುವಾರ ಬೆಳಗ್ಗೆ ಗೂಳೂರಿಗೆ. ಕುಣಿಗಲ್ ರಸ್ತೆಯಲ್ಲಿ ಹತ್ತಿರವೇ. ಬಲಿಪಾಡ್ಯಮಿ ದಿನ ಕೂರಿಸಿದ ದೊಡ್ಡ ಮಣ್ಣಿನ ಗಣಪ ಒಂದು ತಿಂಗಳು ಅಲ್ಲಿರುತ್ತಾನೆ, ಆಮೇಲೆ ಕೆರೆಗೆ. ಚಿಕ್ಕವಳು ಹೊಟ್ಟೆ ನೋಡಿ ಹೇಳಿದಳು, ‘ಇದರೊಳಗೆ ದೀಪ ಇಡ್ಬೋದು.’ ಸಂಜೆ ತುಳಸಿ ಹಬ್ಬ. ನೆಲ್ಲಿ ಕೊಂಬೆ ನೆಟ್ಟು, ಮಕ್ಕಳು ಹೊಲದಿಂದ ತಂದ ಹುಚ್ಚೆಳ್ಳು ಹೂವು ತುಳಸಿಕಟ್ಟೆಗೆ ಇಟ್ಟೆವು. ಪಕ್ಕದಲ್ಲಿ ಕೊಳ್ಳಪ್ಪನೂ ಇದ್ದ. ತೆಗೆಯೋಣ ಎಂದೆ ನಾನು, ದೇವರ ಹತ್ತಿರ ದೆವ್ವ ಯಾಕೆ ಎಂದು. ಅತ್ತೆ ಬೇಡ ಎಂದರು. ‘ದೃಷ್ಟಿ ತೆಗೆಯೋನು ತಾನೆ, ಇರಲಿ ಬಿಡಮ್ಮ.’

ಕೆತ್ತಿದ ಕಾಯಿ ನಮ್ಮ ಹವೆಯಲ್ಲಿ ಎಷ್ಟು ದಿನ ಬಾಳುತ್ತದೆ ಎನ್ನುವುದೂ ವಿಮರ್ಶೆಗೆ ಬೇಕಲ್ಲ. ಕೆತ್ತಿದ್ದು ಗುರುವಾರ ಸಂಜೆ. ಶನಿವಾರ ಬಾಯಿಯ ಅಂಚು ಒಣಗಿ ಒಳಕ್ಕೆ ಮುದುರಿತು, ಭಾನುವಾರ ಇರುವೆ. ಒಳಗೆಲ್ಲ ಅತ್ತೆ ತೆಳ್ಳಗೆ ಸುಣ್ಣ ಬಳಿದಿದ್ದರು, ಅದಕ್ಕೋ ಏನೋ ಬೂಸ್ಟು ಹಿಡಿದದ್ದು ತಡವಾಗಿ. ಆದರೆ ಸುಣ್ಣ, ಕುಂಕುಮ, ಪೋಸ್ಟರ್ ಕಲರ್ ಹಚ್ಚಿದ್ದನ್ನು ದನಕ್ಕೆ ಹಾಕುವ ಹಾಗಿಲ್ಲ, ಬಣ್ಣ ಬಳಿಯುವ ಮೊದಲು ಇದನ್ನು ಯೋಚಿಸಿಕೊಳ್ಳಿ. ನಾವು ಸೋಮವಾರ ಬೆಳಗ್ಗೆ ಕೊಳ್ಳಪ್ಪನ ಬಣ್ಣದ ಸಿಪ್ಪೆ, ಸುಣ್ಣದ ಪದರ ಎಲ್ಲ ಹೆರೆದು ಗೊಬ್ಬರದ ಗುಂಡಿಗೆ ಹಾಕಿ, ಒಳ್ಳೆಯ ತಿರುಳಿದ್ದ ತಲೆಯ ಭಾಗ ಮಾತ್ರ ಕುಯ್ದು, ತೊಳೆದು, ಹಿಂದಿನ ಬೀದಿಯ ಹಾಲಿನವರ ಹಸುವಿಗೆ ಒಯ್ದೆವು. ಚಿಕ್ಕವಳು ಅಳುತ್ತಾ ಬಂದಳು, ಕೊಳ್ಳಪ್ಪನನ್ನು ಕೊಡುವುದಿಲ್ಲ ಎಂದು. ಹಸು ಮೂಸಿ ನೋಡಿ, ಒಂದು ತುಂಡು ಕಚ್ಚಿ ಕರಕರ ಅಗಿಯಿತು. ಅವಳು ಅಳು ನಿಲ್ಲಿಸಿ ನೋಡಿದಳು. ಆಮೇಲೆ ಉಳಿದ ತುಂಡುಗಳನ್ನು ತಾನೇ ಕೊಡುತ್ತೇನೆ ಎಂದು ಬುಟ್ಟಿ ಕೈಗೆ ತೆಗೆದುಕೊಂಡಳು.